ಮಲಗಿದರೆ ಹೆಚ್ಚುವ ನೋವು

ನಲವತ್ತೈದು ದಾಟಿದ ಮೇಲೆ ಶುರುವಾಗುವ ಬೆನ್ನುಮೂಳೆಯ ಉರಿಯೂತಕ್ಕೆ ‘ವಯಸ್ಸಾಯಿತು’ ಎಂಬ ಉತ್ತರ ಸಾಲದು

ಸೊಂಟನೋವಿನ ಬಗ್ಗೆ ನಮಗೆಲ್ಲ ಒಂದು ಲೆಕ್ಕಾಚಾರ ಗೊತ್ತು. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿದರೆ, ತುಂಬಿದ ಸಿಲಿಂಡರ್ ಎತ್ತಿದರೆ, ಬಸ್ಸಿನ ಹಿಂದಿನ ಸೀಟಿನಲ್ಲಿ ರಾತ್ರಿಯಿಡೀ ಕುಲುಕಿಸಿಕೊಂಡರೆ ಸೊಂಟ ಹಿಡಿಯುತ್ತದೆ. ಎರಡು ದಿನ ಮಲಗಿ, ಶಾಖ ಕೊಟ್ಟು, ಮುಲಾಮು ತಿಕ್ಕಿಸಿಕೊಂಡರೆ ಬಿಡುತ್ತದೆ. ದುಡಿದರೆ ನೋವು, ಮಲಗಿದರೆ ಆರಾಮ. ಬಹುಪಾಲು ಸೊಂಟನೋವು ಹೀಗೆಯೇ ಬಂದು ಹೀಗೆಯೇ ಹೋಗುತ್ತದೆ.

ಈ ಲೆಕ್ಕ ತಲೆಕೆಳಗಾಗುವ ಒಂದು ನೋವಿದೆ. ಹಗಲು ಓಡಾಡಿಕೊಂಡಿರುವಾಗ ಹೇಗೋ ತಡೆದುಕೊಳ್ಳಬಹುದು. ರಾತ್ರಿ ಎರಡೋ ಮೂರೋ ಗಂಟೆಗೆ ಪಿರ್ರೆಯ ಆಳದಿಂದ ಹೊರಟು ನಿದ್ದೆ ಕೆಡಿಸುತ್ತದೆ. ಮಗ್ಗುಲು ಬದಲಿಸಲು ಮಂಚದ ಅಂಚು ಹಿಡಿಯಬೇಕು. ಎದ್ದು ಪಡಸಾಲೆಯಲ್ಲಿ ನಾಲ್ಕು ಸುತ್ತು ಹಾಕಿದರೆ ಇಳಿಯುತ್ತದೆ. ಬೆಳಿಗ್ಗೆ ಎದ್ದಾಗ ಬೆನ್ನು ಬಗ್ಗುವುದಿಲ್ಲ. ಸಡಿಲವಾಗಲು ಅರ್ಧ ಗಂಟೆ, ಒಂದೊಂದು ದಿನ ಒಂದು ಗಂಟೆಯೇ ಬೇಕು. ಬಿಸಿನೀರಿನ ಸ್ನಾನವಾಗಿ ಮನೆಕೆಲಸಕ್ಕೆ ಇಳಿದ ಮೇಲೆ ಮೈ ಹಗುರಾಗುತ್ತದೆ. ಭಾನುವಾರವೆಲ್ಲ ಮಲಗಿದರೆ ಸೋಮವಾರ ಇನ್ನಷ್ಟು ಬಿಗಿ.

ಇಪ್ಪತ್ತೈದರ ಹುಡುಗ ಹೀಗೆ ಹೇಳಿಕೊಂಡರೆ ತಿಳಿದ ವೈದ್ಯರು ಅಲ್ಲೇ ಎಚ್ಚರಗೊಳ್ಳುತ್ತಾರೆ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದೇ ಎಂದು ಪರೀಕ್ಷೆ ಬರೆಯುತ್ತಾರೆ. ಇದೇ ಮಾತನ್ನು ಐವತ್ತೈದರ ಹೆಂಗಸು ಹೇಳಿದಾಗ ಸಿಗುವ ಉತ್ತರ ಬೇರೆ: ‘ವಯಸ್ಸಾಯ್ತಲ್ಲಮ್ಮ, ಮೂಳೆ ಸವೆದಿದೆ. ಕ್ಯಾಲ್ಸಿಯಂ ತಗೊಳ್ಳಿ, ಭಾರ ಎತ್ತಬೇಡಿ, ಚೆನ್ನಾಗಿ ರೆಸ್ಟ್ ಮಾಡಿ.’ ಮನೆಯಲ್ಲೂ ಅದೇ ಮಾತು. ‘ಅಮ್ಮಾ, ನೀನು ಸುಮ್ನೆ ಕೂತ್ಕೋ, ನಾವು ಮಾಡ್ತೀವಿ’ ಎಂದು ಮಕ್ಕಳು ಪ್ರೀತಿಯಿಂದಲೇ ಹೇಳುತ್ತಾರೆ. ಆಕೆಗಿರುವುದು ಉರಿಯೂತದ ನೋವಾದರೆ, ಹೀಗೆ ಸುಮ್ಮನೆ ಕೂರುವುದೇ ಬೆನ್ನನ್ನು ಮತ್ತಷ್ಟು ಬಿಗಿಗೊಳಿಸುತ್ತದೆ.

ನೋವು ಯಾವ ವಯಸ್ಸಿನಲ್ಲಿ ಬಂತು ಎನ್ನುವುದಕ್ಕಿಂತ ಯಾವ ಹೊತ್ತಿಗೆ ಬರುತ್ತದೆ, ಯಾವುದರಿಂದ ಇಳಿಯುತ್ತದೆ ಎನ್ನುವುದು ಮುಖ್ಯ. ಇಷ್ಟನ್ನು ಕೇಳಲು ಯಂತ್ರ ಬೇಡ, ದುಡ್ಡು ಬೇಡ. ವಯಸ್ಸಾದವರಿಗೆ ಮಾತ್ರ ಈ ಪ್ರಶ್ನೆಯೇ ಎದುರಾಗುವುದಿಲ್ಲ.

ನೂರರಲ್ಲಿ ಐವರು

ಬೆನ್ನುಮೂಳೆಯ ಉರಿಯೂತವಾದ ಆಂಕಿಲೋಸಿಂಗ್ ಸ್ಪಾಂಡಿಲೈಟಿಸನ್ನು ವೈದ್ಯಲೋಕ ಗುರುತಿಸಿ ನೂರು ವರ್ಷದ ಮೇಲಾಯಿತು. ರಷ್ಯಾದ ವ್ಲಾದಿಮಿರ್ ಬೆಖ್ತೆರೆವ್ 1893ರಲ್ಲಿ, ಜರ್ಮನಿಯ ಅಡಾಲ್ಫ್ ಸ್ಟ್ರುಂಪೆಲ್ 1897ರಲ್ಲಿ, ಫ್ರಾನ್ಸಿನ ಪಿಯೆರ್ ಮಾರಿ 1898ರಲ್ಲಿ ಇದನ್ನು ವಿವರಿಸಿದರು. ಎಚ್‌ಎಲ್‌ಎ-ಬಿ27 ಎಂಬ ಆನುವಂಶಿಕ ಗುರುತಿಗೂ ಈ ರೋಗಕ್ಕೂ ಇರುವ ನಂಟು 1973ರಲ್ಲಿ ಲಂಡನ್ ಮತ್ತು ಲಾಸ್ ಏಂಜಲೀಸ್‌ನ ಎರಡು ತಂಡಗಳಿಗೆ ಬೇರೆಬೇರೆಯಾಗಿಯೇ ಗೋಚರಿಸಿತು. ಅಲ್ಲಿಂದ ಮುಂದೆ ಪಠ್ಯಪುಸ್ತಕಗಳಲ್ಲಿ ಒಂದು ಚಿತ್ರ ನೆಲೆನಿಂತಿತು: ರೋಗಿ ಯುವಕ, ಗಂಡಸು, ಬಿ27 ಇರುವವನು.

ಆ ಚಿತ್ರ ಪೂರ್ತಿ ಸುಳ್ಳಲ್ಲ. ಜರ್ಮನಿಯ ರೋಗಿಗಳ ದೊಡ್ಡ ಗುಂಪೊಂದರ ಅಧ್ಯಯನವನ್ನು 2003ರಲ್ಲಿ ಪ್ರಕಟಿಸಿದ ಫೆಲ್ಟ್‌ಕೆಲ್ಲರ್ ಮತ್ತು ಸಂಗಡಿಗರ ಲೆಕ್ಕದಂತೆ, ನೂರರಲ್ಲಿ ಸುಮಾರು 80 ಮಂದಿಗೆ ಮೂವತ್ತರೊಳಗೇ ಮೊದಲ ಲಕ್ಷಣ ಕಾಣಿಸಿಕೊಂಡಿತ್ತು. ನಲವತ್ತೈದು ದಾಟಿದ ಮೇಲೆ ಶುರುವಾದದ್ದು ಸುಮಾರು ಐವರಿಗೆ. ರೋಗವನ್ನು ವರ್ಗೀಕರಿಸಲು ಆಸಾಸ್ ಎಂಬ ಅಂತರರಾಷ್ಟ್ರೀಯ ತಜ್ಞರ ಗುಂಪು 2009ರಲ್ಲಿ ರೂಪಿಸಿದ ಮಾನದಂಡದ ಮೊದಲ ಸಾಲಿನಲ್ಲೇ ಇರುವುದು: ಮೂರು ತಿಂಗಳಿಗೂ ಮೀರಿದ ಬೆನ್ನುನೋವು, ಅದು ಶುರುವಾದದ್ದು 45ನೇ ವಯಸ್ಸಿಗೆ ಮೊದಲು. ಐವತ್ತರಲ್ಲಿ ನೋವು ಶುರುವಾದವರು ಆ ಸಾಲಿನಲ್ಲೇ ಹೊರಗುಳಿಯುತ್ತಾರೆ.

ಮಾನದಂಡ ಮಾಡಿದವರನ್ನು ಇದಕ್ಕೆ ದೂರುವಂತಿಲ್ಲ. ಸಂಶೋಧನೆಗೆ ಒಂದೇ ಬಗೆಯ ರೋಗಿಗಳು ಬೇಕೆಂದು ಹಾಕಿಕೊಂಡ ಗೆರೆ ಅದು. ಎದುರಿಗೆ ಕೂತ ರೋಗಿಗೆ ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ಅದನ್ನು ಬಳಸಬಾರದು ಎಂದು ತಜ್ಞರೇ ಮತ್ತೆ ಮತ್ತೆ ಹೇಳಿದ್ದಾರೆ. ಆದರೆ ಗಡಿಬಿಡಿಯ ಹೊರರೋಗಿ ವಿಭಾಗದಲ್ಲಿ ಗೆರೆ ನೆನಪಿರುತ್ತದೆ, ಅದನ್ನು ಎಳೆದ ಕಾರಣ ಮರೆತುಹೋಗುತ್ತದೆ. ಎಳೆಯರಲ್ಲೇ ಈ ರೋಗ ಪತ್ತೆಯಾಗಲು ಸರಾಸರಿ ಆರೇಳು ವರ್ಷ ಹಿಡಿಯುತ್ತದೆ ಎನ್ನುತ್ತವೆ ಅಧ್ಯಯನಗಳು. ಹಾಗಿರುವಾಗ ಆ ಐವರ ಪಾಡನ್ನು ಊಹಿಸಬಹುದು.

ಒಳಗೆ ನಡೆಯುವುದೇನು?

ಬೆನ್ನುಮೂಳೆಯ ಬುಡದಲ್ಲಿ ತ್ರಿಕಾಸ್ಥಿ ಇದೆ. ಅದರ ಎರಡೂ ಪಕ್ಕಗಳಲ್ಲಿ ಸೊಂಟದ ಅಗಲ ಮೂಳೆಗಳು ಬಂದು ಕೂಡುತ್ತವೆ. ಸ್ಯಾಕ್ರೋಇಲಿಯಾಕ್ ಎಂದು ಕರೆಯುವ ಆ ಕೀಲುಗಳಲ್ಲಿ ಸಾಮಾನ್ಯವಾಗಿ ರೋಗ ಮೊದಲು ತಲೆಯೆತ್ತುತ್ತದೆ. ಅದಕ್ಕೇ ನೋವು ಪಿರ್ರೆಯ ಆಳದಲ್ಲಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ. ಅಸ್ಥಿರಜ್ಜು, ಸ್ನಾಯುರಜ್ಜುಗಳು ಮೂಳೆಗೆ ಅಂಟಿಕೊಳ್ಳುವ ಜಾಗಗಳೇ ಈ ರೋಗದ ಗುರಿ. ದೇಹದ ರೋಗನಿರೋಧಕ ವ್ಯವಸ್ಥೆ ಅಲ್ಲಿ ಉರಿಯೂತ ಎಬ್ಬಿಸುತ್ತದೆ. ಟಿಎನ್‌ಎಫ್, ಐಎಲ್-17 ಎಂಬ ಸಂದೇಶವಾಹಕ ಪ್ರೋಟೀನುಗಳು ಅದನ್ನು ಆರಲು ಬಿಡುವುದಿಲ್ಲ. ಉರಿದು ಮಾಗಿದ ಜಾಗದಲ್ಲಿ ಬೇಡದ ಮೂಳೆ ಬೆಳೆಯುತ್ತದೆ. ವರ್ಷಗಳು ಕಳೆದಂತೆ ಕೆಲವರಲ್ಲಿ ಕಶೇರುಗಳ ನಡುವೆ ಮೂಳೆಯ ಸೇತುವೆ ಕಟ್ಟಿಕೊಂಡು ಇಡೀ ಬೆನ್ನು ಗೆಣ್ಣುಗೆಣ್ಣಾದ ಬಿದಿರಿನ ಗಳದಂತೆ ಒಂದಾಗುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ. ಧೂಮಪಾನಿಗಳಲ್ಲಿ ಈ ಹಾನಿ ಹೆಚ್ಚಾಗಿ ಕಾಣುತ್ತದೆ.

ತಡವಾಗಿ ಶುರುವಾದವರಲ್ಲಿ ರೋಗದ ಮುಖ ಸ್ವಲ್ಪ ಬೇರೆ. ಕುತ್ತಿಗೆ ಹಿಡಿಯುವುದು ಹೆಚ್ಚು. ಮೊಣಕಾಲು, ಪಾದದ ಕೀಲು ಊದಿಕೊಳ್ಳುವುದು ಹೆಚ್ಚು. ಎದೆಗೂಡಿನ ಮುಂಭಾಗದ ಕೀಲುಗಳು ನೋಯುವುದೂ ಉಂಟು. ಆ ವಯಸ್ಸಿನಲ್ಲಿ ಎದೆ ನೋವೆಂದರೆ ಮೊದಲು ಇಸಿಜಿ, ಅದು ಸರಿಯೇ. ಆದರೆ ಇಸಿಜಿ ಸರಿ ಇದೆ, ಒತ್ತಿದರೆ ಪಕ್ಕೆಲುಬು ಎದೆಮೂಳೆಗೆ ಸೇರುವಲ್ಲಿ ನೋಯುತ್ತದೆ ಎಂದಾದಾಗ ‘ಗ್ಯಾಸ್’ ಎಂದು ಮನೆಗೆ ಕಳಿಸಿದರೆ ಒಂದು ಸುಳಿವು ಕೈತಪ್ಪುತ್ತದೆ.

ಫ್ರಾನ್ಸಿನ ದ್ಯುಬೊ ಮತ್ತು ಸೊವೆಜಿ ಎಂಬ ವೈದ್ಯರು 1989ರಲ್ಲಿ ಇನ್ನೊಂದು ರೂಪವನ್ನು ವರದಿ ಮಾಡಿದರು. ಐವತ್ತು ದಾಟಿದ ಗಂಡಸರು. ಕಾಲಿನ ಕೆಲವೇ ಕೀಲುಗಳಲ್ಲಿ ನೋವು. ಬೆರಳಿಂದ ಒತ್ತಿದರೆ ಗುಳಿ ಬೀಳುವಷ್ಟು ಪಾದದ ಬಾವು. ಸೊರಗಿದ ಮೈ, ರಕ್ತದಲ್ಲಿ ಏರಿದ ಉರಿಯೂತದ ಸೂಚಕ ಇಎಸ್‌ಆರ್. ಬೆನ್ನಿನ ದೂರು ಅಷ್ಟಾಗಿ ಇಲ್ಲ. ಇಂಥ ಪಾದ ನೋಡಿದವರಿಗೆ ಹೃದಯ, ಮೂತ್ರಪಿಂಡಗಳ ಸಂಶಯ ಬರುವುದು ಸಹಜ. ಅವೆರಡೂ ಚೆನ್ನಾಗಿವೆ ಎಂದು ಗೊತ್ತಾದ ಮೇಲೂ ಹುಡುಕಾಟ ನಿಲ್ಲಬಾರದು.

ಬೆನ್ನಿನಾಚೆಯ ಸುಳಿವುಗಳೂ ಇವೆ. ಒಂದೇ ಕಣ್ಣು ಇದ್ದಕ್ಕಿದ್ದಂತೆ ಕೆಂಪಾಗಿ, ನೋವಾಗಿ, ಬೆಳಕು ನೋಡಲಾಗದಂತಾಗುವ ಯುವೈಟಿಸ್ ಈ ರೋಗಿಗಳಲ್ಲಿ ನಾಲ್ವರಲ್ಲಿ ಒಬ್ಬರಿಗಾದರೂ ಎಂದಾದರೊಮ್ಮೆ ಬರುತ್ತದೆ. ಮೊಣಕೈ, ನೆತ್ತಿಯ ಮೇಲೆ ಹೊಪ್ಪಳೆ ಏಳುವ ಸೋರಿಯಾಸಿಸ್, ರಕ್ತ ಬೀಳುವ ದೀರ್ಘಕಾಲದ ಭೇದಿ, ಹಿಮ್ಮಡಿಯ ಹಿಂಭಾಗದ ನೋವು, ಮನೆತನದಲ್ಲಿ ಯಾರಿಗಾದರೂ ಇಂಥದ್ದೇ ಕಾಯಿಲೆ ಇದ್ದದ್ದು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹತ್ತು ವರ್ಷದ ಹಿಂದೆ ಕಣ್ಣು ಕೆಂಪಾಗಿದ್ದನ್ನು ಸೊಂಟದ ಡಾಕ್ಟರಿಗೆ ಹೇಳಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಹೇಳಬೇಕು.

ವರದಿ ಹೇಳುವುದು, ಹೇಳದಿರುವುದು

ಸೊಂಟನೋವೆಂದರೆ ಈಗ ಎಂಆರ್‌ಐ. ಐವತ್ತರ ಮೇಲಿನವರ ವರದಿಯಲ್ಲಿ ‘ಡಿಸ್ಕ್ ಬಲ್ಜ್’ ಎಂಬ ಪದ ಇಲ್ಲದಿರುವುದೇ ಅಪರೂಪ. ಅದನ್ನು ಕಂಡೊಡನೆ ನೋವಿಗೆ ಕಾರಣ ಸಿಕ್ಕಿತು ಎಂದು ಎಲ್ಲರೂ ನಿರಾಳ. ಆದರೆ 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಬೆನ್ನುನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿತು. ಐವತ್ತರ ವಯೋಮಾನದವರಲ್ಲಿ ಶೇ 60ರಷ್ಟು ಮಂದಿಗೆ ಡಿಸ್ಕ್ ಉಬ್ಬಿತ್ತು, ಶೇ 80ರಷ್ಟು ಮಂದಿಗೆ ಡಿಸ್ಕ್ ಸವೆದಿತ್ತು. ನೋವಿಲ್ಲದವರ ಮಾತು ಇದು. ಹಾಗಾಗಿ ಸವೆತ ಕಂಡಿತೆಂದರೆ ನೋವಿಗೆ ಅದೇ ಕಾರಣ ಎನ್ನಲಾಗದು. ಸವೆತದ ಪಕ್ಕದಲ್ಲೇ ಉರಿಯೂತವೂ ಇರಬಹುದು.

ಇನ್ನೊಂದು ತೊಡಕು: ಸೊಂಟದ ಮಾಮೂಲಿ ಎಂಆರ್‌ಐ ಮೇಲಿನ ಕಶೇರುಗಳನ್ನು ತೋರಿಸುತ್ತದೆ. ರೋಗ ಮೊದಲು ಕೂರುವ ಸ್ಯಾಕ್ರೋಇಲಿಯಾಕ್ ಕೀಲುಗಳನ್ನು ಸರಿಯಾಗಿ ನೋಡಬೇಕಾದರೆ ಅದಕ್ಕೆಂದೇ ಬರೆದುಕೊಡಬೇಕು. ಉರಿಯೂತವಿದ್ದರೆ ಕೀಲಿನಂಚಿನ ಮೂಳೆಯೊಳಗಿನ ನೀರು ಸ್ಟಿರ್ ಎಂಬ ಬಗೆಯ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ವಯಸ್ಸಾದವರಲ್ಲಿ ಸವೆತದಿಂದಲೂ ಅಂಥ ಬಿಳುಪು ಬರಬಹುದಾದ್ದರಿಂದ ಓದುವವರು ಪಳಗಿದವರಾಗಿರಬೇಕು. ಎಕ್ಸ್‌ರೇಯಲ್ಲಿ ಬದಲಾವಣೆ ಕಾಣಲು ವರ್ಷಗಳೇ ಬೇಕು. ಎಕ್ಸ್‌ರೇ ಸರಿ ಇದೆ ಎಂದರೆ ರೋಗವಿಲ್ಲ ಎಂದಾಗದು.

ರಕ್ತಪರೀಕ್ಷೆಯ ವಿಷಯದಲ್ಲೂ ಹೀಗೆಯೇ. ‘ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂತು, ಸಂಧಿವಾತ ಇಲ್ಲ’ ಎಂದು ನೆಮ್ಮದಿಯಾಗುವವರಿದ್ದಾರೆ. ಅದು ರುಮಟಾಯ್ಡ್ ಎಂಬ ಬೇರೆ ಸಂಧಿವಾತದ ಪರೀಕ್ಷೆ. ಬೆನ್ನಿನ ಉರಿಯೂತದಲ್ಲಿ ಅದು ನೆಗೆಟಿವ್ ಇರುವುದೇ ವಾಡಿಕೆ. ಇಎಸ್‌ಆರ್ ವಯಸ್ಸಾದಂತೆ ತಾನಾಗಿಯೇ ಏರುತ್ತದೆ. ಉರಿಯೂತದ ಇನ್ನೊಂದು ಸೂಚಕ ಸಿಆರ್‌ಪಿ ಸಹಜವಾಗಿದ್ದೂ ರೋಗವಿರುವವರು ಕಡಿಮೆಯೇನಲ್ಲ. ಬಿ27 ಇದ್ದವರಲ್ಲಿ ಬಹುತೇಕರಿಗೆ ಜೀವಮಾನದಲ್ಲಿ ಈ ಕಾಯಿಲೆ ಬರುವುದೇ ಇಲ್ಲ. ಇನ್ನು ತಡವಾಗಿ ರೋಗ ಬಂದವರಲ್ಲಿ ಬಿ27 ಇಲ್ಲದವರ ಪಾಲು ಎಳೆಯರಿಗಿಂತ ಹೆಚ್ಚು. ಯಾವ ಒಂದು ಕಾಗದವೂ ತಾನೇ ತೀರ್ಪು ಕೊಡಲಾರದು. ರೋಗಿಯ ಮಾತು, ವೈದ್ಯರು ಮುಟ್ಟಿ ಬಗ್ಗಿಸಿ ನೋಡಿದ್ದು, ಚಿತ್ರ, ರಕ್ತ, ನಾಲ್ಕನ್ನೂ ಜೋಡಿಸಿ ನೋಡಬೇಕು. ಆ ಜೋಡಣೆಯಲ್ಲಿ ಪಳಗಿದವರು ರುಮಟಾಲಜಿಸ್ಟರು. ನಮ್ಮ ರಾಜ್ಯದಲ್ಲಿ ಅವರ ಸಂಖ್ಯೆ ಕಡಿಮೆ, ಇರುವವರಲ್ಲಿ ಹೆಚ್ಚಿನವರು ಬೆಂಗಳೂರು, ಮೈಸೂರು, ಮಂಗಳೂರಿನಂಥ ನಗರಗಳಲ್ಲಿ. ತಾಲ್ಲೂಕು ಆಸ್ಪತ್ರೆಯ ವೈದ್ಯರು ಸರಿಯಾದ ಪ್ರಶ್ನೆ ಕೇಳಿ ಸರಿಯಾದ ಕಡೆಗೆ ಚೀಟಿ ಬರೆದರೆ ಅರ್ಧ ದಾರಿ ಸವೆದಂತೆ.

ಇದೇ ವೇಷದ ಬೇರೆ ಕಾಯಿಲೆಗಳು

ಎಳೆಯರಲ್ಲಿ ಅಷ್ಟಾಗಿ ಯೋಚಿಸಬೇಕಿಲ್ಲದ ಹಲವು ಸಾಧ್ಯತೆಗಳನ್ನು ಐವತ್ತರ ನಂತರ ಯೋಚಿಸಲೇಬೇಕು. ತಡವಾದ ಬೆನ್ನುನೋವನ್ನು ಸುಲಭಕ್ಕೆ ಬಿಡಬಾರದು ಎನ್ನಲು ಇದೂ ಒಂದು ಕಾರಣ.

ಬೆನ್ನುಮೂಳೆಯ ಕ್ಷಯ ನಮ್ಮಲ್ಲಿ ಇನ್ನೂ ಇದೆ. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಅದರ ಗುರುತು. ಕುರಿ, ಮೇಕೆ, ದನ ಸಾಕುವವರಿಗೆ, ಅವು ಈಯುವಾಗ ಕೈಹಾಕಿ ಮರಿ ತೆಗೆಯುವವರಿಗೆ, ಕಾಯಿಸದ ಹಾಲು ಕುಡಿಯುವವರಿಗೆ ಬ್ರುಸೆಲ್ಲೋಸಿಸ್ ಸೋಂಕು ತಗಲಬಹುದು. ಅದು ಇದೇ ಸ್ಯಾಕ್ರೋಇಲಿಯಾಕ್ ಕೀಲಿನಲ್ಲಿ ಕೂತು ಇದೇ ನೋವು ಕೊಡುತ್ತದೆ. ಆದರೆ ಅದಕ್ಕೆ ಬೇಕಾದದ್ದು ಆ್ಯಂಟಿಬಯಾಟಿಕ್. ಹಗಲು ರಾತ್ರಿ ಒಂದೇ ಸಮನೆ, ಹೇಗೆ ಮಲಗಿದರೂ ಎದ್ದರೂ ಇಳಿಯದ ನೋವಾದರೆ ಕ್ಯಾನ್ಸರ್ ಮೂಳೆಗೆ ಹರಡಿದೆಯೇ, ಮಲ್ಟಿಪಲ್ ಮೈಲೋಮ ಇದೆಯೇ ಎಂದು ನೋಡಲೇಬೇಕು. ಮುಟ್ಟು ನಿಂತ ಹೆಂಗಸರಲ್ಲಿ ಟೊಳ್ಳಾದ ಕಶೇರು ಸದ್ದಿಲ್ಲದೆ ಕುಸಿದಿರಬಹುದು. ಕಾಲುಗಳ ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅಂದೇ ದೊಡ್ಡಾಸ್ಪತ್ರೆಗೆ ಹೋಗಬೇಕು.

ಗೊಂದಲ ಹುಟ್ಟಿಸುವ ಇನ್ನೆರಡು ಇವೆ. 1950ರಲ್ಲಿ ಫೋರೆಸ್ಟಿಯೆ ಮತ್ತು ರೋಟೆಸ್-ಕೆರೋಲ್ ವಿವರಿಸಿದ, ಈಗ ಡಿಶ್ ಎಂದು ಕರೆಯುವ ಸ್ಥಿತಿಯಲ್ಲೂ ಕಶೇರುಗಳ ಮುಂದೆ ಮೂಳೆ ಹರಿದು ಕೂಡಿಕೊಳ್ಳುತ್ತದೆ, ಹೆಚ್ಚಾಗಿ ಬೆನ್ನಿನ ನಡುಭಾಗದ ಬಲಕ್ಕೆ. ಮಧುಮೇಹ, ಬೊಜ್ಜು ಇರುವವರಲ್ಲಿ ಇದು ಹೆಚ್ಚು. ಇದರಲ್ಲಿ ಉರಿಯೂತ ಮುಖ್ಯವಲ್ಲ, ದುಬಾರಿ ಚುಚ್ಚುಮದ್ದಿನ ಅಗತ್ಯವೂ ಇಲ್ಲ. ಎರಡನೆಯದು ಪಾಲಿಮಯಾಲ್ಜಿಯ ರುಮಾಟಿಕ: ಐವತ್ತು ದಾಟಿದವರಿಗೆ ಭುಜ, ತೊಡೆಸಂದುಗಳು ಬೆಳಿಗ್ಗೆ ಬಿಗಿದುಕೊಳ್ಳುವ ಕಾಯಿಲೆ. ಕಡಿಮೆ ಪ್ರಮಾಣದ ಸ್ಟೀರಾಯ್ಡ್ ಮಾತ್ರೆಗೆ ಅದು ಕೆಲವೇ ದಿನಗಳಲ್ಲಿ ಮಣಿಯುತ್ತದೆ. ಬೆನ್ನಿನ ಉರಿಯೂತಕ್ಕೆ ಸ್ಟೀರಾಯ್ಡ್ ಮಾತ್ರೆಯನ್ನು ದೀರ್ಘಕಾಲ ಕೊಡುವುದನ್ನು ಮಾರ್ಗಸೂಚಿಗಳು ಒಪ್ಪುವುದಿಲ್ಲ. ಹೆಸರು ತಿಳಿದರೇ ಮದ್ದು ತಿಳಿಯುವುದು.

ಈ ವಯಸ್ಸಿನಲ್ಲಿ ಚಿಕಿತ್ಸೆ

ಮೊದಲ ಮದ್ದು ನೋವು-ಉರಿಯೂತ ಇಳಿಸುವ ಎನ್‌ಎಸ್‌ಎಐಡಿ ಗುಂಪಿನ ಮಾತ್ರೆಗಳು: ನ್ಯಾಪ್ರೊಕ್ಸೆನ್, ಇಂಡೊಮೆಥಾಸಿನ್, ಎಟೊರಿಕಾಕ್ಸಿಬ್. ಇವು ಈ ರೋಗದಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಇಪ್ಪತ್ತೈದರವರಿಗೆ ನಿರಾಳವಾಗಿ ಕೊಡುವ ಈ ಮಾತ್ರೆಯನ್ನು ಅರವತ್ತರವರಿಗೆ ಹತ್ತು ಸಲ ಯೋಚಿಸಿ ಕೊಡಬೇಕು. ಬಿಪಿ ಏರಬಹುದು, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ಹೃದಯಕ್ಕೆ ತೊಂದರೆಯಾಗಬಹುದು. ಬಿಪಿಗೆಂದು ಕೆಲವು ಬಗೆಯ ಮಾತ್ರೆ, ಜೊತೆಗೆ ನೀರಿಳಿಸುವ ಮಾತ್ರೆ, ಅದರ ಮೇಲೆ ಇದು: ಈ ಮೂರೂ ಸೇರಿದರೆ ಮೂತ್ರಪಿಂಡ ಕೆಡುವ ಅಪಾಯ ದೊಡ್ಡದು. ರಕ್ತ ತೆಳುವಾಗಿಸುವ ಔಷಧಿ ಇದ್ದರೆ ರಕ್ತಸ್ರಾವದ ಭಯ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ನುಂಗುವುದು ಈ ವಯಸ್ಸಿನಲ್ಲಿ ಖಂಡಿತ ಕೂಡದು. ಹೆಸರು, ವಿವರದ ಚೀಟಿ ಇಲ್ಲದ ‘ವಾತದ ಪುಡಿ’ಗಳಿಂದ ಇನ್ನೂ ದೂರವಿರಬೇಕು. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪತ್ತೆಯಾದದ್ದುಂಟು. ನಾಲ್ಕು ದಿನ ಹಾಯೆನಿಸಿ, ಆಮೇಲೆ ಸಕ್ಕರೆ ಏರಿ, ಮೂಳೆ ಟೊಳ್ಳಾಗುತ್ತದೆ.

ಮಾತ್ರೆ ಸಾಲದಿದ್ದರೆ, ಅಥವಾ ಕೊಡುವಂತಿಲ್ಲದಿದ್ದರೆ, ಟಿಎನ್‌ಎಫ್ ಅಥವಾ ಐಎಲ್-17ನ್ನು ತಡೆಯುವ ಜೈವಿಕ ಚುಚ್ಚುಮದ್ದುಗಳಿವೆ. ಅಡಾಲಿಮುಮಾಬ್, ಎಟನರ್ಸೆಪ್ಟ್, ಸೆಕುಕಿನುಮಾಬ್ ಅವುಗಳಲ್ಲಿ ಕೆಲವು. ಅಹಮದಾಬಾದಿನ ಝೈಡಸ್ ಕ್ಯಾಡಿಲಾ 2014ರ ಡಿಸೆಂಬರಿನಲ್ಲಿ ಅಡಾಲಿಮುಮಾಬ್‌ನ ಬಯೋಸಿಮಿಲರನ್ನು, ಅಂದರೆ ಮೂಲ ಔಷಧವನ್ನು ಹೋಲುವ ಜೈವಿಕ ಔಷಧವನ್ನು, ಜಗತ್ತಿನಲ್ಲೇ ಮೊದಲಿಗೆ ಮಾರುಕಟ್ಟೆಗೆ ತಂದಿತು. ಬೆಂಗಳೂರಿನ ಬಯೋಕಾನ್ ಬಯೊಲಾಜಿಕ್ಸ್ ಅದೇ ಔಷಧದ ಇನ್ನೊಂದು ಬಯೋಸಿಮಿಲರನ್ನು 2023ರಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡಿತು. ನಮ್ಮ ನೆಲದ ಕಂಪನಿಗಳು ಇಷ್ಟು ಮುಂದಿದ್ದರೂ ನಿವೃತ್ತಿ ವೇತನದ ಮೇಲೆ ಬದುಕುವವರಿಗೆ, ಪಿಂಚಣಿಯೇ ಇಲ್ಲದ ರೈತರಿಗೆ ಈ ಚಿಕಿತ್ಸೆ ಇನ್ನೂ ಭಾರವೇ. ಸರ್ಕಾರಿ ಆರೋಗ್ಯ ಯೋಜನೆಗಳು ಇಂಥವರ ಕೈಹಿಡಿಯಬೇಕು.

ಈ ಜೈವಿಕ ಮದ್ದುಗಳು ರೋಗನಿರೋಧಕ ಶಕ್ತಿಯ ಒಂದು ಭಾಗವನ್ನು ತಗ್ಗಿಸುವುದರಿಂದ ಮೊದಲೇ ಎದೆಯ ಎಕ್ಸ್‌ರೇ ಮತ್ತು ಮಾಂಟೂ ಅಥವಾ ಇಗ್ರಾ ಪರೀಕ್ಷೆ ಮಾಡಿ ದೇಹದಲ್ಲಿ ಕ್ಷಯ ಅಡಗಿದೆಯೇ ಎಂದು ನೋಡುತ್ತಾರೆ. ನ್ಯುಮೊಕಾಕಲ್, ಫ್ಲೂ ಲಸಿಕೆಗಳನ್ನೂ ಸರ್ಪಸುತ್ತಿನ ಲಸಿಕೆಯನ್ನೂ ವೈದ್ಯರೊಂದಿಗೆ ಮಾತಾಡಿ ಹಾಕಿಸಿಕೊಳ್ಳುವುದು ಒಳ್ಳೆಯದು. ಟೊಫಾಸಿಟಿನಿಬ್‌ನಂಥ ಜ್ಯಾಕ್ ಎಂಬ ಕಿಣ್ವಗಳನ್ನು ತಡೆಯುವ ಮಾತ್ರೆಗಳನ್ನು 65 ದಾಟಿದವರಿಗೆ, ಬಹುಕಾಲ ಧೂಮಪಾನ ಮಾಡಿದವರಿಗೆ ಬೇರೆ ದಾರಿ ಇಲ್ಲದಿದ್ದಾಗ ಮಾತ್ರ ಕೊಡಬೇಕೆಂದು ಯುರೋಪಿನ ಔಷಧ ನಿಯಂತ್ರಕರು ಎಚ್ಚರಿಸಿದ್ದಾರೆ.

ಮದ್ದಿನಷ್ಟೇ ಮುಖ್ಯ ದಿನದಿನದ ವ್ಯಾಯಾಮ. ಬೆನ್ನನ್ನು ನೆಟ್ಟಗೆ ಚಾಚುವ, ಎದೆಯನ್ನು ಹಿಗ್ಗಿಸುವ ಚಲನೆಗಳು, ದೀರ್ಘ ಉಸಿರಾಟ, ನಡಿಗೆ, ಅನುಕೂಲವಿದ್ದರೆ ಈಜು. ತೆಳು ದಿಂಬು ಸಾಕು. ಯೋಗ ಬಲ್ಲವರು ಮಾಡಬಹುದು, ಆದರೆ ಬಿಗಿದ ಕುತ್ತಿಗೆಯವರು ಶಿರಸಾಸನಕ್ಕೆ ಹೋಗಬಾರದು. ಮೂಳೆ ಟೊಳ್ಳಾದವರು ಬಲವಂತವಾಗಿ ಮುಂದಕ್ಕೆ ಬಗ್ಗಬಾರದು.

ಬಿದ್ದರೆ ಉದಾಸೀನ ಬೇಡ

ಉಳುಕು ತೆಗೆಯುವುದಕ್ಕೆ ನಮ್ಮ ಊರುಗಳಲ್ಲಿ ಹಲವು ರೂಢಿಗಳಿವೆ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಳ್ಳುವುದು, ಬೆನ್ನು ತುಳಿಸಿಕೊಳ್ಳುವುದು, ಕ್ಷೌರದಂಗಡಿಯಲ್ಲಿ ಕುತ್ತಿಗೆಯ ನೆಟಿಕೆ ತೆಗೆಸುವುದು. ಮೂಳೆಗಳು ಕೂಡಿಕೊಂಡ ಬೆನ್ನಿಗೆ ಇವೆಲ್ಲ ನಿಜವಾದ ಅಪಾಯ. ಅಂಥ ಬೆನ್ನಿಗೆ ಬಳುಕುವ ಗುಣ ಹೋಗಿರುತ್ತದೆ, ಒಳಗೆ ಮೂಳೆ ಟೊಳ್ಳಾಗಿಯೂ ಇರುತ್ತದೆ. ಬಚ್ಚಲುಮನೆಯಲ್ಲಿ ಜಾರಿ ಬಿದ್ದಷ್ಟಕ್ಕೇ ಕುತ್ತಿಗೆಯ ಕೆಳಭಾಗ ಮುರಿದು ಬೆನ್ನುಹುರಿಗೆ ಪೆಟ್ಟಾಗಬಹುದು. ಇಂಥ ಮುರಿತ ಮಾಮೂಲಿ ಎಕ್ಸ್‌ರೇಗೆ ಸಿಗದೆ ಹೋಗುವುದುಂಟು, ಸಿ.ಟಿ ಅಥವಾ ಎಂಆರ್‌ಐ ಬೇಕು. ಬಿದ್ದ ಮೇಲೆ ಹೊಸ ನೋವು ಬಂದರೆ, ‘ಇದು ಹಳೇ ಬೆನ್ನುನೋವೇ’ ಎಂದುಕೊಳ್ಳಬಾರದು. ಬೇರೆ ಯಾವುದೋ ಶಸ್ತ್ರಚಿಕಿತ್ಸೆಗೆ ಹೋದಾಗಲೂ ಅರಿವಳಿಕೆ ವೈದ್ಯರಿಗೆ ಕುತ್ತಿಗೆ ಬಗ್ಗದು ಎಂದು ಮುಂಚೆಯೇ ಹೇಳಬೇಕು. ಉಸಿರಿನ ಕೊಳವೆ ಇಳಿಸುವಾಗ ಅದು ಜೀವದ ಪ್ರಶ್ನೆ. ಮೂಳೆ ಸಾಂದ್ರತೆ ಅಳೆಸುವುದಾದರೆ ತೊಡೆಸಂದಿನಲ್ಲೂ ಅಳೆಸಬೇಕು. ಸೊಂಟದಲ್ಲಿ ಬೆಳೆದ ಬೇಡದ ಮೂಳೆ ಲೆಕ್ಕವನ್ನು ಏರಿಸಿ, ಟೊಳ್ಳನ್ನು ಗಟ್ಟಿಯೆಂದು ತೋರಿಸಿಬಿಡುತ್ತದೆ.

ಮನೆಯವರು ಕೇಳಬೇಕಾದದ್ದು

ಮನೆಯಲ್ಲಿ ಹಿರಿಯರು ಸೊಂಟನೋವು ಎಂದಾಗ ಕೇಳಿ: ರಾತ್ರಿ ನೋವಿಗೆ ಎಚ್ಚರವಾಗುತ್ತದೆಯೇ? ಎದ್ದು ಓಡಾಡಿದರೆ ಇಳಿಯುತ್ತದೆಯೇ? ಬೆಳಿಗ್ಗೆ ಬಿಗಿ ಬಿಡಲು ಅರ್ಧ ಗಂಟೆ ಮೀರುತ್ತದೆಯೇ? ಮಲಗಿದಷ್ಟೂ ಹೆಚ್ಚುತ್ತದೆಯೇ? ಮೂರು ತಿಂಗಳು ದಾಟಿತೇ? ಗೋಡೆಗೆ ಹಿಮ್ಮಡಿ, ಪಿರ್ರೆ ಒತ್ತಿ ನಿಂತಾಗ ಗಲ್ಲ ಎತ್ತದೆ ತಲೆಯ ಹಿಂಭಾಗ ಗೋಡೆಗೆ ತಾಗುತ್ತದೆಯೇ ಎಂದೂ ನೋಡಿ. ಉತ್ತರಗಳನ್ನು, ಹಳೆಯ ಕಣ್ಣಿನ, ಚರ್ಮದ ತೊಂದರೆಗಳನ್ನು, ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದು ವೈದ್ಯರ ಮುಂದಿಡಿ. ‘ಇದು ಉರಿಯೂತದ ನೋವಿರಬಹುದೇ, ಡಾಕ್ಟ್ರೇ?’ ಎಂದು ನೇರವಾಗಿ ಕೇಳಲು ಸಂಕೋಚ ಬೇಡ.

ಈ ಕಾಯಿಲೆ ಇದ್ದರೆ ಅದನ್ನು ಪೂರ್ತಿ ಗುಣಪಡಿಸುವ ಮದ್ದು ಸದ್ಯಕ್ಕಿಲ್ಲ. ಆದರೆ ರಾತ್ರಿಯಿಡೀ ನಿದ್ದೆ ಮಾಡುವ, ಬೆಳಿಗ್ಗೆ ಯಾರ ಕೈ ಹಿಡಿಯದೆ ಏಳುವ, ಮೊಮ್ಮಗುವನ್ನು ಎತ್ತಿಕೊಳ್ಳುವ ಬದುಕನ್ನು ಬಹಳ ಮಂದಿಗೆ ಮರಳಿ ಕೊಡುವ ಚಿಕಿತ್ಸೆ ಇದೆ. ಐವತ್ತೈದರವರ ಮುಂದೆ ಇನ್ನೂ ಇಪ್ಪತ್ತು ಮೂವತ್ತು ವರ್ಷಗಳ ಬದುಕು ಇರಬಹುದು. ಅಷ್ಟೂ ವರ್ಷಗಳನ್ನು ‘ವಯಸ್ಸಾಯಿತು’ ಎಂಬ ಒಂದೇ ಮಾತಿನಲ್ಲಿ ನೋವಿನ ಪಾಲು ಮಾಡುವ ಹಕ್ಕು ವೈದ್ಯರಿಗೂ ಇಲ್ಲ, ಮಕ್ಕಳಿಗೂ ಇಲ್ಲ. ಬೆನ್ನುನೋವು ಪರೀಕ್ಷಿಸುವ ಪ್ರತಿ ಕೊಠಡಿಯಲ್ಲೂ ವಯಸ್ಸು ಬರೆದುಕೊಂಡ ಮರುಕ್ಷಣವೇ ‘ನೋವು ಯಾವ ಹೊತ್ತಿಗೆ?’ ಎಂಬ ಪ್ರಶ್ನೆ ಬರಲಿ.